ಲಾಭ ಬರೆದಿದೆ, ದುಡ್ಡು ಬಂದಿದೆಯಾ? ಕಂಪೆನಿ ಲೆಕ್ಕ ಓದುವುದು ಹೀಗೆ

ಕಳೆದ ಆಟಿಯಲ್ಲಿ ಪೆರ್ಲದ ಭಾವ ನಮ್ಮಲ್ಲಿಗೆ ಬಂದಿದ್ದರು. ಹೊರಗೆ ಜಡಿಮಳೆ. ಅಡಿಕೆಗೆ ಎರಡನೇ ಸಲದ ಮದ್ದು ಬಿಡಬೇಕು, ಮಳೆ ಬಿಡುವುದಿಲ್ಲ. ಕೂತು ಕೂತು ಬೇಸರವಾಗಿ ಮೊಬೈಲು ನನ್ನ ಮುಂದೆ ಹಿಡಿದರು. "ನೋಡು ಮಾರಾಯ, ಯಾವಾಗ ನೋಡಿದರೂ ಕ್ಯಾಶ್ ನೋಡಿ, ಕ್ಯಾಶ್ ನೋಡಿ ಅಂತೀಯಲ್ಲ. ಈ ಕಂಪೆನಿಗೆ 29 ಕೋಟಿ ಕ್ಯಾಶ್ ಬಂದಿದೆ."

ನೋಡಿದೆ. 29 ಇತ್ತು, ನಿಜ. ಆದರೆ ಕಂಸದೊಳಗೆ ಇತ್ತು. ಲೆಕ್ಕಪತ್ರದಲ್ಲಿ ಕಂಸದೊಳಗೆ ಬರೆದ ಅಂಕಿ ಅಂದರೆ ಮೈನಸ್. ಅದು ಬಂದ ದುಡ್ಡಲ್ಲ, ಹೋದ ದುಡ್ಡು. ಭಾವ ಆ ಷೇರು ಕೊಂಡು ಆಗಲೇ ಎಂಟು ತಿಂಗಳಾಗಿತ್ತು.

ಭಾವನೊಬ್ಬರೇ ಅಲ್ಲ. 2022ರ ಮೇಯಲ್ಲಿ ಎಲ್‌ಐಸಿ ಷೇರು ಬಿಟ್ಟಾಗ ಪಾಲಿಸಿ ಇದ್ದವರಿಗೆ ಷೇರಿಗೆ 60 ರೂಪಾಯಿ ಕಡಿಮೆ ಎಂದರು. ನನಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ ಆಗಲೇ ಷೇರು ಇಡುವ ಡಿಮ್ಯಾಟ್ ಖಾತೆ ತೆರೆದದ್ದು. ಖಾತೆ ಉಳಿಯಿತು. ಆಮೇಲೆ ವಾಟ್ಸ್‌ಆ್ಯಪಿನಲ್ಲಿ ಬಂದ ಹೆಸರನ್ನೆಲ್ಲ ಕೊಳ್ಳುವುದೂ ಶುರುವಾಯಿತು. ಕೊಳ್ಳುವ ಮೊದಲು ಲೆಕ್ಕ ನೋಡಿದ್ದೀರಾ ಎಂದು ಕೇಳಿದರೆ "ಲಾಭ ಜಾಸ್ತಿಯಾಗಿದೆ" ಎನ್ನುತ್ತಾರೆ. ನಾನು ಬಹಳ ವರ್ಷ ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಲಾಭ ತೋರಿಸುವುದು ಎಷ್ಟು ಸುಲಭ ಎಂದು ಗೊತ್ತಿರುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಇಂಗ್ಲಿಷಿಗೆ ಹೆದರಬೇಡಿ. ವಿಲೇಜ್ ಆಫೀಸಿನ ಮಲಯಾಳ ನೋಟೀಸನ್ನು ಹೇಗೋ ಓದಿ ಅರ್ಥ ಮಾಡಿಕೊಳ್ಳುವವರು ನಾವು, ಕಾಸರಗೋಡಿನ ಕನ್ನಡದವರು. ಇಲ್ಲಿ ಬೇಕಾದದ್ದು ಇಪ್ಪತ್ತು ಮೂವತ್ತು ಪದ, ಅಷ್ಟೇ.

ಮೊದಲು ಸರಿಯಾದ ಕಾಗದ

ಬೇಕಾದದ್ದು ವಾರ್ಷಿಕ ವರದಿ, ಅಂದರೆ ಆ್ಯನ್ಯುವಲ್ ರಿಪೋರ್ಟ್. ಕಂಪೆನಿಯ ವೆಬ್‌ಸೈಟಿನಲ್ಲಿ, ಷೇರುಪೇಟೆಗಳಾದ ಬಿಎಸ್‌ಇ ಅಥವಾ ಎನ್‌ಎಸ್‌ಇ ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ದುಡ್ಡು ಕೊಟ್ಟು ಯಾರಿಂದಲೂ ತೆಗೆದುಕೊಳ್ಳಬೇಡಿ. ಷೇರುಪೇಟೆಯಲ್ಲಿರುವ ಕಂಪೆನಿಗಳು ಮಾರ್ಚ್ 31ಕ್ಕೆ ವರ್ಷ ಮುಗಿದ ಮೇಲೆ 60 ದಿನದೊಳಗೆ ಫಲಿತಾಂಶ ಹೇಳಬೇಕು. ಆದರೆ ಮೇ ತಿಂಗಳ ಆ ಫಲಿತಾಂಶದಲ್ಲಿ ಬರೀ ಅಂಕಿ ಇರುತ್ತದೆ, ಪೂರ್ತಿ ವಿವರಣೆ ಇರುವುದಿಲ್ಲ. ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕಾದ್ದರಿಂದ ಪೂರ್ತಿ ವರದಿಗಳು ಹೆಚ್ಚಾಗಿ ಜುಲೈ, ಆಗಸ್ಟಿನಲ್ಲಿ ಬರುತ್ತವೆ. ನಮಗೆ ಒಳ್ಳೆಯದೇ ಆಯಿತು. ಆಟಿಯಲ್ಲಿ ಬೇರೆ ಕೆಲಸ ಏನಿದೆ?

ವರದಿ ಇನ್ನೂರೋ ಮುನ್ನೂರೋ ಪುಟ ಇರುತ್ತದೆ. ಪೂರ್ತಿ ಪ್ರಿಂಟ್ ಹಾಕಿಸಬೇಡಿ. ಬದಿಯಡ್ಕದಲ್ಲಿ ನಾನೊಮ್ಮೆ ಪುಟ ಹೇಳಲು ಮರೆತು ಬಸ್ಸಿಗೆ ಇಟ್ಟ ದುಡ್ಡನ್ನೂ ಜೆರಾಕ್ಸ್ ಅಂಗಡಿಗೆ ಕೊಟ್ಟು ಬಂದಿದ್ದೇನೆ. ಮುಂದಿನ ಬಣ್ಣದ ಪುಟಗಳು, ನಗುವ ಕೆಲಸಗಾರರ ಫೋಟೊ, ಅಧ್ಯಕ್ಷರ ಪತ್ರ, ಎಲ್ಲ ಬಿಡಿ. ಆಡಿಟರ್ ವರದಿಯಿಂದ ಶುರುಮಾಡಿ ನಲವತ್ತು ಐವತ್ತು ಪುಟ ಸಾಕು. ಒಂದು ಗೆರೆ ಹಾಕಿದ ಉದ್ದ ನೋಟ್ ಪುಸ್ತಕ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಮೊದಲ ಕಂಪೆನಿಗೆ ಎಕ್ಸೆಲ್ ಬೇಡ. ಕೈಯಲ್ಲಿ ಬರೆದ ಅಂಕಿ ತಲೆಯಲ್ಲಿ ನಿಲ್ಲುತ್ತದೆ.

ಒಂದೇ ವರದಿಯಲ್ಲಿ ಲೆಕ್ಕ ಎರಡು ಸಲ ಬರುತ್ತದೆ. ಸ್ಟ್ಯಾಂಡ್‌ಅಲೋನ್ ಅಂದರೆ ತಾಯಿ ಕಂಪೆನಿಯದ್ದು ಮಾತ್ರ. ಕನ್ಸಾಲಿಡೇಟೆಡ್ ಅಂದರೆ ಮಕ್ಕಳು ಮರಿ ಸೇರಿ ಇಡೀ ಮನೆಯದ್ದು. ಎರಡೂ ಇದ್ದರೆ ಕನ್ಸಾಲಿಡೇಟೆಡ್ ಓದಿ. ಮನೆಯ ಸಾಲ ತಮ್ಮನ ಹೆಸರಲ್ಲಿದ್ದರೆ ಅಣ್ಣನ ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ ಅಲ್ವಾ?

ಪುಟದ ಮೇಲ್ತುದಿಯ ಸಣ್ಣ ಅಕ್ಷರವನ್ನೂ ನೋಡಿ. ಅಂಕಿ ಲಕ್ಷದಲ್ಲಿದೆಯೋ, ಕೋಟಿಯಲ್ಲೋ, ಮಿಲಿಯನ್ನಿನಲ್ಲೋ ಅಲ್ಲಿ ಬರೆದಿರುತ್ತದೆ. ಒಂದು ಮಿಲಿಯನ್ ಅಂದರೆ 10 ಲಕ್ಷ, 10 ಮಿಲಿಯನ್ ಅಂದರೆ 1 ಕೋಟಿ. ಒಂದು ಕಂಪೆನಿಯ ಲಕ್ಷವನ್ನು ಇನ್ನೊಂದರ ಕೋಟಿಯ ಜೊತೆ ಹೋಲಿಸಿ ವಾದ ಮಾಡಿದವರನ್ನು ಕಂಡಿದ್ದೇನೆ.

ಆಡಿಟರ್ ಏನೆಂದರು?

ಇಲ್ಲಿ ಒಂದು ಪದದ ಬಲೆ ಇದೆ. ಆಡಿಟರ್ ವರದಿಯ ಮೇಲೆ 'ಕ್ವಾಲಿಫೈಡ್ ಒಪೀನಿಯನ್' ಎಂದಿದ್ದರೆ ಜನ ಖುಷಿಪಡುತ್ತಾರೆ. ಕ್ವಾಲಿಫೈಡ್ ಅಂದರೆ ಅರ್ಹತೆ ಇದ್ದದ್ದು, ಪಾಸಾದದ್ದು ಎಂಬ ಲೆಕ್ಕ. ಇಲ್ಲಿ ಅರ್ಥ ಉಲ್ಟಾ. "ಲೆಕ್ಕ ಸರಿ ಇದೆ, ಆದರೆ ಈ ಒಂದು ವಿಷಯ ಬಿಟ್ಟು" ಎಂದು ಆಡಿಟರ್ ತಕರಾರು ಎತ್ತಿದ್ದಾರೆ ಎಂದರ್ಥ. 'ಅಡ್ವರ್ಸ್' ಎಂದಿದ್ದರೆ ಲೆಕ್ಕವೇ ಸರಿಯಿಲ್ಲ. 'ಡಿಸ್‌ಕ್ಲೇಮರ್' ಎಂದಿದ್ದರೆ ಅಭಿಪ್ರಾಯ ಹೇಳಲು ಬೇಕಾದ ದಾಖಲೆಯೇ ಸಿಕ್ಕಿಲ್ಲ. ಇವೆರಡು ಕಂಡರೆ ವರದಿ ಮುಚ್ಚಿ ಚಾ ಕುಡಿಯಿರಿ. 'ಎಂಫಸಿಸ್ ಆಫ್ ಮ್ಯಾಟರ್' ಎಂಬ ಭಾಗ ಇದ್ದರೆ ಅದು ತಕರಾರಲ್ಲ, ಆದರೆ ಬೆರಳು ತೋರಿಸಿದ ಹಾಗೆ. ಏನು ಎಂದು ಓದಿ.

ಸ್ಟ್ಯಾಂಡ್‌ಅಲೋನ್ ಲೆಕ್ಕದ ಆಡಿಟರ್ ವರದಿಗೆ ಇರುವ ಅನುಬಂಧವನ್ನು ಹೆಚ್ಚಿನವರು ಓದುವುದಿಲ್ಲ. ಬ್ಯಾಂಕಿನ ಕಂತು ತಪ್ಪಿದೆಯೇ, ತೆರಿಗೆ ಬಾಕಿ ಇದೆಯೇ ಎಂಬುದನ್ನು ಆಡಿಟರ್ ಒಂದೊಂದಾಗಿ ಹೇಳುವುದು ಅಲ್ಲಿ. ಕಂಪೆನಿಯು ಬ್ಯಾಂಕಿಗೆ ಕೊಟ್ಟ ದಾಸ್ತಾನಿನ ಪಟ್ಟಿಗೂ ತನ್ನ ಪುಸ್ತಕಕ್ಕೂ ತಾಳೆಯಾಗುತ್ತದೆಯೇ ಎಂಬುದೂ ಅಲ್ಲಿಯೇ ಇರುತ್ತದೆ. ಬ್ಯಾಂಕಿನಲ್ಲಿ ಕೂತು ಅಂಥ ಪಟ್ಟಿಗಳನ್ನು ನೋಡಿದವನಾಗಿ ಹೇಳುತ್ತೇನೆ, ನಾನು ಮೊದಲು ತೆರೆಯುವ ಪುಟ ಅದು.

ಹಾಗೆಂದು ಆಡಿಟರ್ ಸಹಿಯನ್ನೇ ನಂಬಿ ಕೂರಬೇಡಿ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ಒಪ್ಪಿಕೊಂಡದ್ದು ನೆನಪಿದೆಯಲ್ಲ. ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕಿನಲ್ಲಿರುವ ದುಡ್ಡು ಸೇರಿ 5,361 ಕೋಟಿ. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ಇಲ್ಲದ ಆ ದುಡ್ಡಿಗೆ 376 ಕೋಟಿ ಬಡ್ಡಿಯನ್ನೂ ಬರೆದಿದ್ದರು! ಆ ಲೆಕ್ಕಕ್ಕೂ ಆಡಿಟರ್ ಸಹಿ ಇತ್ತು.

ಲಾಭ-ನಷ್ಟದ ಪಟ್ಟಿ ಐದು ನಿಮಿಷದ್ದು

ಎಲ್ಲರೂ ನೋಡುವುದು ಇದನ್ನೇ, ಹಾಗಾಗಿ ಚುಟುಕಾಗಿ ಹೇಳುತ್ತೇನೆ. ಮೇಲಿನ ಸಾಲು ಮಾರಾಟ. ಅದರ ಕೆಳಗಿನದು 'ಅದರ್ ಇನ್‌ಕಮ್', ಅಂದರೆ ವ್ಯಾಪಾರ ಬಿಟ್ಟು ಬಂದದ್ದು: ಠೇವಣಿ ಬಡ್ಡಿ, ಆಸ್ತಿ ಮಾರಿದ ಲಾಭ, ಹೀಗೆ. ಲಾಭ ಜಾಸ್ತಿಯಾದದ್ದು ಇದರಿಂದಲೋ, ವ್ಯಾಪಾರದಿಂದಲೋ ನೋಡಿ. ಕೆಳಗೆ 'ಎಕ್ಸೆಪ್ಷನಲ್ ಐಟಮ್ಸ್' ಎಂಬ ಸಾಲಿದ್ದರೆ ಅದು ಒಮ್ಮೆ ಬಂದು ಹೋಗುವ ಲೆಕ್ಕ. ಪ್ರತಿ ವರ್ಷವೂ ಅದೇ ಸಾಲಿನಲ್ಲಿ ನಷ್ಟ ಬರೆಯುವ ಕಂಪೆನಿ ಇದ್ದರೆ ಅದೆಂಥ ಎಕ್ಸೆಪ್ಷನಲ್? ದಿನಾ ಬರುವ ನೆಂಟ.

ಬ್ಯಾಲೆನ್ಸ್ ಶೀಟು ಒಂದೇ ದಿನದ ಫೋಟೊ

ಮಾರ್ಚ್ 31ರ ದಿನ ಕಂಪೆನಿಯ ಹತ್ತಿರ ಏನಿದೆ, ಯಾರಿಗೆ ಎಷ್ಟು ಕೊಡಬೇಕು, ಇಷ್ಟೇ ಇದು. ಮಾರ್ಚ್ ಕೊನೆಗೆ ನಮ್ಮಲ್ಲಿಗೆ ಬಂದು ಅಡಿಕೆ ತುಂಬಿದ ಅಟ್ಟ ನೋಡಿದವರಿಗೆ ಇವರು ಸಾಹುಕಾರರೇ ಅನಿಸಬಹುದು. ಅಕ್ಟೋಬರಿನಲ್ಲಿ ಬಂದರೆ ಬೇರೆ ಕಥೆ. ಕಂಪೆನಿಗಳೂ ಫೋಟೊ ದಿನಕ್ಕೆ ಇಸ್ತ್ರಿ ಹಾಕಿದ ಅಂಗಿ ತೊಡುತ್ತವೆ. ಮಾರ್ಚ್ ಕೊನೆಗೆ ಸಾಲ ಕಟ್ಟಿ ಏಪ್ರಿಲಿನಲ್ಲಿ ಮತ್ತೆ ತೆಗೆಯುವುದುಂಟು.

ಇದನ್ನು ಹಿಡಿಯಲು ನನ್ನದೊಂದು ಸುಲಭದ ಉಪಾಯ ಇದೆ. ಹೋದ ವರ್ಷದ ಸಾಲ, ಈ ವರ್ಷದ ಸಾಲ ಕೂಡಿಸಿ ಎರಡರಿಂದ ಭಾಗಿಸಿ. ಲಾಭ-ನಷ್ಟದಲ್ಲಿ ಬರೆದ ಬಡ್ಡಿ ಅದರ ಎಷ್ಟು ಶೇಕಡಾ ಎಂದು ನೋಡಿ. ಸರಾಸರಿ ಸಾಲ 40 ಕೋಟಿ, ಬಡ್ಡಿ 8 ಕೋಟಿ ಎಂದರೆ ಶೇ 20 ಆಯಿತು. ಒಳ್ಳೆಯ ಕಂಪೆನಿಗೆ ಯಾವ ಬ್ಯಾಂಕೂ ಅಷ್ಟು ಬಡ್ಡಿ ಹಾಕುವುದಿಲ್ಲ. ಒಂದೋ ವರ್ಷವಿಡೀ ಸಾಲ ಇನ್ನೂ ಜಾಸ್ತಿ ಇತ್ತು, ಇಲ್ಲವೇ ದುಬಾರಿ ಕಡೆಯಿಂದ ತಂದಿದ್ದಾರೆ.

ಜನ ಎಡವುವುದು ಇಲ್ಲಿ: ಕ್ಯಾಶ್ ಫ್ಲೋ

ಇದಕ್ಕೆ ಒಂದು ಮಧ್ಯಾಹ್ನವನ್ನೇ ಇಟ್ಟುಕೊಳ್ಳಿ.

ಮೊದಲು ನಮ್ಮ ತೋಟದ ಲೆಕ್ಕ. ಮಾರ್ಚಿನಲ್ಲಿ ಒಬ್ಬ ವ್ಯಾಪಾರಿಗೆ 10 ಕ್ವಿಂಟಾಲ್ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಕೊಟ್ಟಿರಿ. ಕಿಲೋಗೆ 400 ರೂಪಾಯಿ ಎಂದೇ ಇಟ್ಟುಕೊಳ್ಳಿ. ಒಟ್ಟು 4 ಲಕ್ಷ. ಮೈಲುತುತ್ತು, ಗೊಬ್ಬರ, ಕೊಯ್ಲು, ಸುಲಿದ ಕೂಲಿ ಎಲ್ಲ ಸೇರಿ 2.5 ಲಕ್ಷ ನೀವು ಕೈಯಿಂದ ಕೊಟ್ಟಾಗಿದೆ. ವ್ಯಾಪಾರಿ "ಓಣಂ ಕಳೆದು ದುಡ್ಡು ಕೊಡುತ್ತೇನೆ" ಎಂದ. ಮಾರ್ಚ್ 31ಕ್ಕೆ ನಿಮಗೆ ಲಾಭ ಎಷ್ಟು? ಕಂಪೆನಿಯ ಲೆಕ್ಕದ ರೀತಿಯಲ್ಲಿ 1.5 ಲಕ್ಷ. ಮಾಲು ಕೈದಾಟಿದಾಗಲೇ ಮಾರಾಟ ಆಯಿತು ಎಂದು ಬರೆಯುವುದು ಕ್ರಮ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಪೆಟ್ಟಿಗೆಯಲ್ಲಿ? 2.5 ಲಕ್ಷ ಖಾಲಿ. ಓಣಂ ಬರುವುದರೊಳಗೆ ಬಾಗಿಲು ಹಾಕಿ ಹೋದ ವ್ಯಾಪಾರಿಗಳನ್ನು ನಮ್ಮ ಕಡೆಯವರು ಕಂಡಿಲ್ಲವೇ?

ಲಾಭಕ್ಕೂ ಪೆಟ್ಟಿಗೆಗೂ ಇರುವ ಈ ಅಂತರವನ್ನು ತೋರಿಸುವುದೇ ಕ್ಯಾಶ್ ಫ್ಲೋ ಪಟ್ಟಿ. ಅದರಲ್ಲಿ ಮೂರು ಭಾಗ. 'ಆಪರೇಟಿಂಗ್' ಅಂದರೆ ವ್ಯಾಪಾರದಿಂದ ಬಂದದ್ದು, ಹೋದದ್ದು. 'ಇನ್ವೆಸ್ಟಿಂಗ್' ಅಂದರೆ ಜಾಗ, ಮಿಷನ್, ಠೇವಣಿಯದ್ದು. 'ಫೈನಾನ್ಸಿಂಗ್' ಅಂದರೆ ಸಾಲ, ಬಡ್ಡಿ, ಡಿವಿಡೆಂಡಿನದ್ದು (ಷೇರುದಾರರಿಗೆ ಹಂಚುವ ಲಾಭದ ಪಾಲು).

ಈಗ ಭಾವನ ಕಂಪೆನಿಗೆ ಬರೋಣ. ಅದು ನೀರಿನ ಪಂಪು ಮಾಡುವ ಕಂಪೆನಿ. ಹೆಸರು ಬೇಡ, ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನೂ ದುಂಡಗೆ ಮಾಡಿದ್ದೇನೆ. ಮಾರಾಟ 400 ಕೋಟಿಯಿಂದ 500 ಕೋಟಿಗೆ ಏರಿದೆ. ಕೊನೆಯ ಲಾಭ 30 ಕೋಟಿಯಿಂದ 45 ಕೋಟಿಗೆ. ಭಾವ ಮನಸೋತದ್ದು ಇದಕ್ಕೇ.

ಪೆನ್ಸಿಲ್ ಹಿಡಿಯಿರಿ. ಆಪರೇಟಿಂಗ್ ಭಾಗ ತೆರಿಗೆಗೆ ಮುಂಚಿನ ಲಾಭದಿಂದ ಶುರುವಾಗುತ್ತದೆ. ಇಲ್ಲಿ ಅದು 60 ಕೋಟಿ. ಅದಕ್ಕೆ ಸವಕಳಿ 12 ಕೋಟಿ ಕೂಡಿಸಿದ್ದಾರೆ. ಯಾಕೆ? ಅಡಿಕೆ ಸುಲಿಯುವ ಮಿಷನಿಗೆ ನೀವು ದುಡ್ಡು ಕೊಟ್ಟದ್ದು ಕೊಂಡ ವರ್ಷ. ಆಮೇಲೆ ವರ್ಷ ವರ್ಷ ಅದರ ಬೆಲೆ ಇಳಿಸಿ ಖರ್ಚು ಬರೆಯುತ್ತೀರಿ, ಕೈಯಿಂದ ದುಡ್ಡು ಹೋಗುವುದಿಲ್ಲ. ಹಾಗಾಗಿ ಮತ್ತೆ ಕೂಡಿಸುವುದು. ಬಡ್ಡಿ ಖರ್ಚು 8 ಕೋಟಿಯನ್ನೂ ಕೂಡಿಸಿದ್ದಾರೆ, ಅದು ಫೈನಾನ್ಸಿಂಗ್ ಭಾಗದಲ್ಲಿ ಬರುತ್ತದೆ ಎಂದು. ಅದರ್ ಇನ್‌ಕಮ್ 5 ಕೋಟಿ ಕಳೆದಿದ್ದಾರೆ, ಅದು ಇನ್ವೆಸ್ಟಿಂಗ್ ಭಾಗದ್ದು. ಉಳಿದದ್ದು 75 ಕೋಟಿ. ಇಲ್ಲಿಯವರೆಗೆ ಎಲ್ಲ ಸರಿ.

ಇಲ್ಲಿಂದ ಕೆಳಗೆ ನಿಧಾನ. ಮುಂದಿನ ಸಾಲುಗಳು 'ವರ್ಕಿಂಗ್ ಕ್ಯಾಪಿಟಲ್' ಬದಲಾವಣೆಗಳು, ಅಂದರೆ ದಿನದ ವ್ಯಾಪಾರದಲ್ಲಿ ಸಿಕ್ಕಿಕೊಂಡ ದುಡ್ಡಿನ ಏರಿಳಿತ. ಜನ ಹಾರಿಸಿ ಹೋಗುವುದು ಇವನ್ನೇ. ಬರಬೇಕಾದ ಬಾಕಿ, ಅಂದರೆ ರಿಸೀವೆಬಲ್ಸ್, 80 ಕೋಟಿ ಇದ್ದದ್ದು 150 ಕೋಟಿ ಆಗಿದೆ. ಪಂಪು ಅಂಗಡಿಗಳಿಗೆ ಹೋಗಿದೆ, ದುಡ್ಡು ಬಂದಿಲ್ಲ. ಕಳೆಯಿರಿ 70. ದಾಸ್ತಾನು 60ರಿಂದ 85ಕ್ಕೆ ಏರಿದೆ. ಕಳೆಯಿರಿ 25. ಕಚ್ಚಾ ಮಾಲು ಕೊಟ್ಟವರಿಗೆ ಕಂಪೆನಿ ಕೊಡಬೇಕಾದದ್ದು 50ರಿಂದ 55 ಆಗಿದೆ. ಕೊಡದೆ ಉಳಿಸಿಕೊಂಡ ದುಡ್ಡು ಅಂದರೆ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇದೆ, ಕೂಡಿಸಿ 5. ಒಟ್ಟಿನಲ್ಲಿ 90 ಕೋಟಿ ಹೋಯಿತು. 75ರಿಂದ 90 ಕಳೆದರೆ ಮೈನಸ್ 15. ಮೇಲಿಂದ ತೆರಿಗೆ ಕಟ್ಟಿದ್ದು 14. ಮೈನಸ್ 29.

ಭಾವ ನೋಡಿದ 29 ಇದೇ. 45 ಕೋಟಿ ಲಾಭ ಎಂದ ಕಂಪೆನಿಯ ವ್ಯಾಪಾರದಿಂದ 29 ಕೋಟಿ ಹೊರಗೆ ಹೋಗಿದೆ.

ಹಾಗಾದರೆ ಕಂಪೆನಿ ನಡೆದದ್ದು ಹೇಗೆ? ಫೈನಾನ್ಸಿಂಗ್ ಭಾಗಕ್ಕೆ ಇಳಿಯಿರಿ. ಹೊಸ ಸಾಲ 60 ಕೋಟಿ. ಅದರಿಂದ ವ್ಯಾಪಾರದ ತೂತು ಮುಚ್ಚಿದರು, ಬಡ್ಡಿ 8 ಕೋಟಿ ಕೊಟ್ಟರು. ಡಿವಿಡೆಂಡ್ ಬೇರೆ 9 ಕೋಟಿ ಹಂಚಿದ್ದಾರೆ. "ಡಿವಿಡೆಂಡ್ ಕೊಡುವ ಕಂಪೆನಿ ಭಾವ, ಸುಮ್ನೆ ಅಲ್ಲ" ಎಂದು ಯಾರೋ ಇವರಿಗೆ ಹೇಳಿದ್ದರಂತೆ. ಸಾಲ ತಂದು ಔತಣ ಹಾಕಿದ ಹಾಗೆ.

ಈಗ ಒಂದು ಭಾಗಾಕಾರ. ಬಾಕಿಯನ್ನು ವರ್ಷದ ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ. ಮಾರಿದ ಮಾಲಿನ ದುಡ್ಡು ಬರಲು ಎಷ್ಟು ದಿನ ಎಂದು ಸಿಗುತ್ತದೆ. ಹೋದ ವರ್ಷ 80 ಭಾಗಿಸು 400, ಗುಣಿಸು 365: 73 ದಿನ. ಈ ವರ್ಷ 150 ಭಾಗಿಸು 500, ಗುಣಿಸು 365: ಹತ್ತಿರ ಹತ್ತಿರ 110 ದಿನ. ಮಾರಾಟ ಏರಿದ್ದು ಶೇ 25, ಬಾಕಿ ಏರಿದ್ದು ಶೇ 87ಕ್ಕೂ ಜಾಸ್ತಿ. ಮಾರ್ಚ್ ತಿಂಗಳಲ್ಲಿ ಅಂಗಡಿಗಳಿಗೆ ಮಾಲು ತುಂಬಿಸಿ ಮಾರಾಟ ಬರೆದರೂ ಹೀಗೆಯೇ ಆಗುತ್ತದೆ. ಇಲ್ಲಿ ಹಾಗೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಅದು.

ಒಂದು ವರ್ಷ ಮೈನಸ್ ಬಂದ ಕೂಡಲೇ ಕಳ್ಳ ಲೆಕ್ಕ ಎಂದು ಕೂಗಬೇಡಿ. ಬೇಗ ಬೆಳೆಯುವ ಕಂಪೆನಿಗೆ ಮಾಲು, ಬಾಕಿ ಎರಡೂ ಏರುತ್ತವೆ. ಸುಗ್ಗಿಯಲ್ಲಿ ಕೊಂಡಿಡುವ ವ್ಯಾಪಾರಕ್ಕೆ ಮಾರ್ಚಿನಲ್ಲಿ ದಾಸ್ತಾನು ತುಂಬಿಯೇ ಇರುತ್ತದೆ. ಅಡಿಕೆ ಅಟ್ಟದಲ್ಲಿ ಹಳತಾದರೆ ರೇಟು ಜಾಸ್ತಿಯೂ ಸಿಗುತ್ತದೆ. ಆದರೆ ಪಂಪು ಗೋಡೌನಿನಲ್ಲಿ ಹಳತಾದರೆ ಯಾರೂ ಜಾಸ್ತಿ ಕೊಡುವುದಿಲ್ಲ. ಅದಕ್ಕೇ ಐದು ವರ್ಷದ ಅಂಕಿ ಬೇಕು. ನೋಟ್ ಪುಸ್ತಕದಲ್ಲಿ ಎರಡೇ ಸಾಲು ಬರೆಯಿರಿ. ಒಂದರಲ್ಲಿ ಐದು ವರ್ಷದ ಲಾಭ, ಇನ್ನೊಂದರಲ್ಲಿ ಐದು ವರ್ಷದ ಆಪರೇಟಿಂಗ್ ಕ್ಯಾಶ್. ಎರಡನ್ನೂ ಕೂಡಿಸಿ. ಐದು ವರ್ಷದಲ್ಲಿ 150 ಕೋಟಿ ಲಾಭ ಎಂದು ಹೇಳಿ 40 ಕೋಟಿಯೂ ಕೈಗೆ ಬಾರದಿದ್ದರೆ ನಾನು ಆ ಷೇರು ಮುಟ್ಟುವುದಿಲ್ಲ. ನೀವೂ ಮುಟ್ಟಬೇಡಿ.

ಐದು ವರ್ಷಕ್ಕೆ ಐದು ವರದಿ ಬೇಕಿಲ್ಲ. ಪ್ರತಿ ವರದಿಯಲ್ಲೂ ಹಿಂದಿನ ವರ್ಷದ ಅಂಕಿ ಪಕ್ಕದಲ್ಲೇ ಇರುತ್ತದೆ, ಮೂರು ಸಾಕು. ಎಲ್ಲವನ್ನೂ ಒಟ್ಟು ಹಾಕಿಕೊಡುವ ವೆಬ್‌ಸೈಟುಗಳಿವೆ. ಹುಡುಕಲು ಒಳ್ಳೆಯವು, ನಾನೂ ಬಳಸುತ್ತೇನೆ. ಆದರೆ ಕೆಂಪು ಹಸಿರು ಬಣ್ಣ ಹಚ್ಚಿ 'ಆರೋಗ್ಯ ಅಂಕ' ಕೊಡುವ ಆ್ಯಪುಗಳನ್ನು ಬಿಡಿ. ಸಾವಿರಾರು ರೂಪಾಯಿ ತೆಗೆದುಕೊಂಡು ಎರಡು ದಿನದಲ್ಲಿ ಕಲಿಸುತ್ತೇವೆ ಎನ್ನುವ ಕೋರ್ಸುಗಳನ್ನಂತೂ ಬಿಟ್ಟೇ ಬಿಡಿ. ನಮ್ಮ ಭಾವ ಅದಕ್ಕೂ ದುಡ್ಡು ಕಟ್ಟಿದವರೇ. ಅಲ್ಲಿ ಕಂಸದ ವಿಷಯ ಹೇಳಿಕೊಡಲಿಲ್ಲವಂತೆ!

ಕೊನೆಗೆ ನೋಟ್ಸ್

ಸಣ್ಣ ಅಕ್ಷರದ ಈ ಪುಟಗಳಲ್ಲಿ ಮೂರೇ ಮೂರನ್ನು ನೋಡಿದರೂ ಸಾಕು.

ಬಾಕಿಯ ವಯಸ್ಸಿನ ಪಟ್ಟಿ ಮೊದಲನೆಯದು. 2021ರ ಏಪ್ರಿಲ್‌ನಿಂದ ಕಂಪೆನಿಗಳು ಇದನ್ನು ಕೊಡಲೇಬೇಕು. ಆರು ತಿಂಗಳೊಳಗಿನ ಬಾಕಿ ಎಷ್ಟು, ಒಂದು ವರ್ಷದ್ದು ಎಷ್ಟು, ಮೂರು ವರ್ಷ ದಾಟಿದ್ದು ಎಷ್ಟು ಎಂದು ಬಿಡಿಸಿ ಬರೆದಿರುತ್ತದೆ. ಮೂರು ವರ್ಷ ಹಳೆಯ ಬಾಕಿಯನ್ನು ಇನ್ನೂ ಬರುತ್ತದೆ ಎಂದು ಹಿಡಿದುಕೊಂಡಿದ್ದರೆ ಆ ಕಂಪೆನಿಯವರಿಗೆ ನಮ್ಮೂರ ಸಾಲ ವಸೂಲಿ ಗೊತ್ತಿಲ್ಲ ಎನ್ನಬೇಕು.

ಎರಡನೆಯದು 'ರಿಲೇಟೆಡ್ ಪಾರ್ಟಿ'. ಮಾಲೀಕರ ಮನೆಯವರ ಜೊತೆ, ಅವರ ಬೇರೆ ಕಂಪೆನಿಗಳ ಜೊತೆ ನಡೆದ ಕೊಡುಕೊಳ್ಳುವಿಕೆ ಇದು. ಸ್ವಲ್ಪ ಬಾಡಿಗೆ, ಸಂಬಳ ಇದ್ದೇ ಇರುತ್ತದೆ. ಮಾಲೀಕರ ಬಂಧುವಿನ ಕಂಪೆನಿಗೆ ಬಡ್ಡಿಯಿಲ್ಲದ ಸಾಲ, ವರ್ಷ ವರ್ಷ ಏರುವ ಮುಂಗಡ ಕಂಡರೆ ಎದ್ದು ಬನ್ನಿ.

ಮೂರನೆಯದು 'ಕಂಟಿಂಜೆಂಟ್ ಲಯಬಿಲಿಟಿ'. ನೆರೆಯವರ ಸಾಲಕ್ಕೆ ಜಾಮೀನು ಹಾಕಿದ್ದು ನಿಮ್ಮ ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ. ಅವರು ಕಟ್ಟದಿದ್ದರೆ ನೋಟೀಸು ಮಾತ್ರ ನಿಮ್ಮ ಮನೆಗೇ ಬರುತ್ತದೆ. ಕಂಪೆನಿ ಹಾಕಿದ ಜಾಮೀನು, ಕೋರ್ಟಿನಲ್ಲಿರುವ ತೆರಿಗೆ ಜಗಳ ಎಲ್ಲ ಇಲ್ಲಿ ಅಡಗಿರುತ್ತದೆ. ಕಂಪೆನಿಯ ಸ್ವಂತ ಬಂಡವಾಳದ ಮುಂದೆ ಆ ಮೊತ್ತ ಎಷ್ಟು ದೊಡ್ಡದು ನೋಡಿ.

ಪಂಪು, ಪೈಪು, ಬಣ್ಣ, ಬಿಸ್ಕತ್ತು, ಹೀಗೆ ನೀವು ಕೈಯಲ್ಲಿ ಹಿಡಿದು ನೋಡುವ ಯಾವುದಾದರೂ ಮಾಲು ಮಾಡುವ ಕಂಪೆನಿಯಿಂದ ಶುರುಮಾಡಿ. ಬ್ಯಾಂಕು, ವಿಮೆ ಮೊದಲಿಗೆ ಬೇಡವೇ ಬೇಡ. ಅವರ ಲೆಕ್ಕದ ನಮೂನೆಯೇ ಬೇರೆ. ಬ್ಯಾಂಕಿಗೆ ಸಾಲವೇ ಮಾಲು, ಹಾಗಾಗಿ ಮೇಲೆ ಹೇಳಿದ ಕ್ಯಾಶ್ ಫ್ಲೋ ಲೆಕ್ಕ ಅಲ್ಲಿ ಹೊಂದುವುದಿಲ್ಲ. ವಿಮೆಯಲ್ಲಿ ಇವತ್ತು ತೆಗೆದುಕೊಂಡ ಪ್ರೀಮಿಯಮಿಗೆ ಇಪ್ಪತ್ತು ವರ್ಷದ ಮೇಲೆ ದುಡ್ಡು ಕೊಡಬೇಕು. ನಮ್ಮ ಎಷ್ಟೋ ಮನೆಗಳಿಗೆ ಮೊದಲು ಬಂದ ಷೇರೇ ಓದಲು ಅತಿ ಕಷ್ಟದ್ದು!

ಭಾವನ ನೋಟ್ ಪುಸ್ತಕದಲ್ಲಿ ಈಗ ನಾಲ್ಕು ಕಂಪೆನಿಗಳಿವೆ. ಕಂಸದೊಳಗಿನ ಅಂಕಿಗೆಲ್ಲ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದಾರೆ. ಎಲ್‌ಐಸಿ ಎಂದು ತಲೆಬರಹ ಬರೆದ ಪುಟ ಮಾತ್ರ ಇನ್ನೂ ಖಾಲಿ.